ಐದನೇ ಒರಳು

ಜೂನ್ 12, ಗುರುವಾರ

ಈ ವಹಿ ತಂದದ್ದು ದಿನಚರಿ ಬರೆಯಲಿಕ್ಕಲ್ಲ. ಏಪ್ರಿಲ್‌ನಲ್ಲಿ ಥೈರಾಯ್ಡಿನ ಗಂಟು ತೆಗೆದ ಮೇಲೆ ಡಾಕ್ಟರು ಮಾತಾಡಬೇಡಿ ಎಂದರು. ಮನೆಯವರಿಗೆ ಹೇಳುವುದನ್ನು ಬರೆದು ತೋರಿಸಲು ಇದನ್ನು ತರಿಸಿದೆ. ಮೊದಲ ಪುಟಗಳಲ್ಲಿ ಮರಾಠಿಯಲ್ಲಿ ಇನ್ನೂ ಅದೇ ಇದೆ: 'ಹಾಲು ಉಕ್ಕುತ್ತಿದೆ', 'ಒದ್ದೆ ಟವೆಲ್ ಹಾಸಿಗೆಯ ಮೇಲೆ ಬೇಡ', 'ನಾನು ಸಿಟ್ಟಾಗಿಲ್ಲ'. ಬರೆದು ತೋರಿಸುವಷ್ಟರಲ್ಲಿ ಹಾಲು ಉಕ್ಕಿ ಒಲೆಯೂ ಆರಿರುತ್ತಿತ್ತು.

ಈಗ ಮಾತಾಡಲು ಅಡ್ಡಿಯಿಲ್ಲ, ಆದರೆ ದನಿಯೇ ಇಲ್ಲ. ಬಾಯಿ ತೆರೆದರೆ ಪಂಕ್ಚರ್ ಆದ ಸೈಕಲ್ಲಿನ ಗಾಳಿ, ಅದರ ಅಡಿಯಲ್ಲಿ ಏನೋ ಒಂದು ಗೊಗ್ಗರು. ದನಿಯ ನರಕ್ಕೆ ಪೆಟ್ಟಾಗಿದೆ, ಇಂಥ ಆಪರೇಶನ್‌ನಲ್ಲಿ ಒಮ್ಮೊಮ್ಮೆ ಹೀಗಾಗುತ್ತದೆ ಎಂದರು ಕೊಲ್ಹಾಪುರದ ಡಾಕ್ಟರು. ಅಕ್ಟೋಬರ್ ಹದಿನಾರಕ್ಕೆ ಬನ್ನಿ, ಕ್ಯಾಮೆರಾ ಹಾಕಿ ನೋಡೋಣ, ಬರುವುದಿದ್ದರೆ ಅಷ್ಟರೊಳಗೆ ಬಂದಿರುತ್ತದೆ ಎಂದರು. ಬರದಿದ್ದರೆ ಎಂದು ನಾನು ಬರೆದು ತೋರಿಸಿದ್ದಕ್ಕೆ ಅವರು ಕನ್ನಡಕ ಒರೆಸಿಕೊಂಡರು. ಕ್ಯಾಲೆಂಡರಿನಲ್ಲಿ ಹದಿನಾರರ ಸುತ್ತ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ.

ಬಸದಿಯಲ್ಲಿ ಪೂಜೆಯ ಹಾಡೆಂದರೆ ಮಂಗಲ ಎಂದೇ ಇತ್ತು. ನಾನು ಮದುವೆಯಾಗಿ ಇಚಲಕರಂಜಿಗೆ ಬಂದ ವರ್ಷದಿಂದ ಮೈಕು ಬೇರೆ ಯಾರ ಕೈಗೂ ಹೋಗಿರಲಿಲ್ಲ. ಸೊಕ್ಕಿತ್ತು ಎನ್ನಲಿ, ಇತ್ತು. ಹಾಡುವವಳಿಗೆ ಅಷ್ಟೂ ಬೇಡವೇ.

ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಕನ್ನಡಿಯೆದುರು ನಿಂತು ಒಂದು 'ಸಾ' ಹಿಡಿಯಲು ನೋಡುತ್ತೇನೆ. ಇವತ್ತೂ ಸಿಗಲಿಲ್ಲ. ಮಧ್ಯಾಹ್ನ ಗ್ಯಾಸ್ ಬುಕ್ ಮಾಡಲು ಫೋನ್ ಮಾಡಿದರೆ ಆ ಕಡೆಯ ಹುಡುಗಿ "ಕಾಕಾ, ನಂಬರ್ ಸಾಂಗಾ" ಅಂದಳು. ನಂಬರ್ ಹೇಳಿ ಕಾಕಾ, ಅಂತ. ನಾನು ಗಂಡಸಂತೆ! ಫೋನ್ ಇಟ್ಟು ಅಡಿಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಇನ್ನು ನಾನು ಯಾರಿಗೂ ಫೋನ್ ಮಾಡುವುದಿಲ್ಲ.

ಕನ್ನಡದಲ್ಲಿ ಬರೆಯುತ್ತಿರುವುದು ಬೇಕೆಂದೇ. ಸಂಕೇಶ್ವರದ ಅಜ್ಜಿಯ ಮನೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತದ್ದು. ಈ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಆದರೆ ಕಲಿತದ್ದು ಮರಾಠಿ ಶಾಲೆಯಲ್ಲಿ, ಕನ್ನಡ ಓದುವವರು ಯಾರೂ ಇಲ್ಲ. ಹಾಗಾಗಿ ನನ್ನ ಯಜಮಾನರ ಹೆಸರನ್ನೂ ಧೈರ್ಯವಾಗಿ ಬರೆಯಬಹುದು: ಪದ್ಮಕುಮಾರ. ಬಾಯಿಂದ ಒಮ್ಮೆಯೂ ಹೇಳಿಲ್ಲ.

ಜೂನ್ 24, ಮಂಗಳವಾರ

ಸಾ ಇಲ್ಲ.

ಮುಕ್ತಾ ಬಂದಿದ್ದಳು. ಅವಳು ನೇಸರಿಯವಳು, ನಾನು ಮಹಾಗಾಂವದವಳು. ಗಡಹಿಂಗ್ಲಜದ ಹೈಸ್ಕೂಲಿನಲ್ಲಿ ಒಂದೇ ಬೆಂಚು, ಎಸ್‌ಟಿ ಸ್ಟ್ಯಾಂಡಿನಲ್ಲಿ ಒಂದೇ ಕಡಲೆ ಪೊಟ್ಟಣ. ಆಮೇಲೆ ಇಬ್ಬರನ್ನೂ ಈ ಊರಿಗೇ ಕೊಟ್ಟರು, ನನ್ನನ್ನು ನೂಲಿನ ವ್ಯಾಪಾರದ ಮನೆಗೆ, ಅವಳನ್ನು ಎರಡು ಗಲ್ಲಿ ಆಚೆಗೆ ಡಂಕದ ಮನೆಗೆ. ಡಂಕ ಎಂದರೆ ಖಾರ ಕುಟ್ಟುವ ಯಂತ್ರ. ಕರೆಂಟಿನ ಮೇಲೆ ಐದು ಕಬ್ಬಿಣದ ಒನಕೆಗಳು ಒಂದಾದ ಮೇಲೊಂದು ಎದ್ದು ಐದು ಕಬ್ಬಿಣದ ಒರಳುಗಳಲ್ಲಿ ಬೀಳುತ್ತವೆ. ನಾಲ್ಕು ಒರಳು ಊರವರಿಗೆ. ಐದನೆಯದು ನಮ್ಮ ಜೈನರ ಮನೆಗಳಿಗೆ, ಅದರಲ್ಲಿ ನಾವು ತಿನ್ನದ ಉಳ್ಳಾಗಡ್ಡಿ ಬಳ್ಳೊಳ್ಳಿ ಬೀಳುವುದಿಲ್ಲ. ಮುಕ್ತಾನ ಅತ್ತೆಯ ಕಾಲದಿಂದ ಆ ಶಿಸ್ತು.

ಬಂದವಳೇ ಫೋನ್ ತೆಗೆದು ನನ್ನ ಕಿವಿಗೆ ಹಿಡಿದಳು. ಅವಳದೇ ಡಂಕದ ಸದ್ದು. ಅದರ ಮೇಲೆ ಇನ್ನೊಂದು ಸದ್ದು, ಜರಡಿ ಆಡಿಸಿದ್ದು. ಅದರ ಮೇಲೆ ಯಾರೋ ಸೀನಿದ್ದು, ಅದೂ ಸರಿಯಾಗಿ ತಾಳಕ್ಕೆ.

"ಪ್ರಾಜಕ್ತಾ ಕಲಿಸ್ಯಾಳ," ಅಂದಳು. ಪ್ರಾಜಕ್ತಾ ಅವಳ ಮಗಳು, ಕೊಲ್ಹಾಪುರದಲ್ಲಿ ಮೊಬೈಲ್ ಅಂಗಡಿಯಲ್ಲಿದ್ದಾಳೆ. "ಒಂದರ ಮ್ಯಾಲ ಒಂದ ಪದರ ಪದರ ಹಾಕಬೌದು. ಚಪಾತಿ ಇದ್ದಂಗ. ಸೀನಿದಾಕಿ ನಾನ, ಬೇಕಂತ ಸೀನೀನಿ. ಮಂಗಲ, ನಾವಿಬ್ರೂ ಮಾಡೂಣು ಬಾ."

"ಇದೇನ ಹಾಡೇನ?" ಎಂದು ಗೊಗ್ಗರಿಸಿದೆ.

"ಹಾಡ ಅಂತ ಯಾರ ಅಂದಾರ? ಸಪ್ಪಳ. ಸಪ್ಪಳಕ್ಕ ದನಿ ಬೇಕಾಗೂದಿಲ್ಲ."

ಅಷ್ಟು ನೇರವಾಗಿ ಬೇರೆ ಯಾರಾದರೂ ಅಂದಿದ್ದರೆ ಬಾಗಿಲು ತೋರಿಸುತ್ತಿದ್ದೆ. ಚಹಾ ಮಾಡಿಕೊಟ್ಟೆ.

ಜುಲೈ 3, ಗುರುವಾರ

ಸಾ ಇಲ್ಲ.

ಈ ಊರಿನಲ್ಲಿ ಮೆಲ್ಲಗಿನ ಸದ್ದು ಹಿಡಿಯುವುದು ಸುಲಭವಲ್ಲ. ನಾಲ್ಕೂ ಕಡೆ ಕರೆಂಟಿನ ಮಗ್ಗಗಳು ಕಟಕಟ ಎನ್ನುತ್ತಲೇ ಇರುತ್ತವೆ. ನಾವು ಒಂದು ದಾರಿ ಕಂಡುಹಿಡಿದಿದ್ದೇವೆ. ಕರೆಂಟು ಹೋದ ಕೂಡಲೇ ಮುಕ್ತಾ ಕೈಯಲ್ಲಿದ್ದದ್ದನ್ನು ಬಿಟ್ಟು ನಮ್ಮ ಮನೆಗೆ ಓಡಿಬರುತ್ತಾಳೆ. ಕರೆಂಟಿಲ್ಲದಿದ್ದರೆ ಅವಳ ಡಂಕವೂ ನಿಂತಿರುತ್ತದಲ್ಲ. ಇಬ್ಬರೂ ಕೌದಿ ಹೊದ್ದುಕೊಂಡು ಒಳಗೆ ಫೋನ್ ಇಟ್ಟುಕೊಂಡು ಕೂಡುತ್ತೇವೆ. ಇವತ್ತು ಸ್ಟೀಲಿನ ತಾಟಿನಲ್ಲಿ ಬಳೆ ಉರುಳಿಸಿದೆವು, ಹಪ್ಪಳ ಮುರಿದೆವು, ಬಾಟಲಿಯ ಬಾಯಿಗೆ ಊದಿದೆವು. ಆ ಊದುವ ಕೆಲಸಕ್ಕೆ ನನ್ನ ಗಾಳಿ ಭಾಳ ಲಾಯಕ್ಕಾಗಿದೆಯಂತೆ. ಸೆಕೆಗೆ ಇಬ್ಬರೂ ಬೆಂದುಹೋದೆವು. ಕರೆಂಟು ಬಂದು ಮಗ್ಗಗಳು ಶುರುವಾದದ್ದನ್ನೂ ಹಾಗೇ ಬಿಟ್ಟೆವು, ಕೊನೆಗೆ ಊರೇ ಎದ್ದುಬಂದಂತೆ ಕೇಳುತ್ತದೆ.

ಪದ್ಮಕುಮಾರ ಕೇಳಿಸಿಕೊಂಡು ಸ್ವಲ್ಪ ಹೊತ್ತು ಯೋಚಿಸಿ, "ಮಿಕ್ಸರ್ ಕೆಟ್ಟೈತೇನ?" ಎಂದರು. ಆಮೇಲೆ ನನ್ನ ಮುಖ ನೋಡಿ, "ಛಲೋ ಐತಿ," ಎಂದರು. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ, ಆದರೂ ಹೇಳಿದರಲ್ಲ.

ಜುಲೈ 9, ಬುಧವಾರ

ಸಾ ಇಲ್ಲ. ಕರೆಂಟೂ ಹೋಗಲಿಲ್ಲ. ದಿನವೇ ದಂಡ.

ಜುಲೈ 17, ಗುರುವಾರ

ಇನ್ನು ಮುಕ್ತಾನ ಮುಖ ನೋಡುವುದಿಲ್ಲ.

ಡಂಕವನ್ನು ಸರಿಯಾಗಿ ರೆಕಾರ್ಡ್ ಮಾಡಬೇಕೆಂದು ಇಬ್ಬರಿಗೂ ಆಸೆಯಾಗಿತ್ತು. ಖಾರದ ಘಾಟಿಗೆ ನನ್ನ ಗಂಟಲು ತಡೆಯುವುದಿಲ್ಲ, ಒಳಗೆ ಹೋಗುವಂತಿಲ್ಲ. ಆದ್ದರಿಂದ ಅವಳು ಖಾಲಿ ಡಂಕ ಓಡಿಸಿದಳು. ಕಬ್ಬಿಣದ ಮೇಲೆ ಕಬ್ಬಿಣ ಬಿದ್ದು ಕಿಡಿ ಹಾರಿತು, ಅವಳ ಗಂಡ ಗಣಪತ ಊಟದ ಕೈಯಲ್ಲೇ ಓಡಿಬಂದು ಬಂದ್ ಮಾಡಿಸಿದ. ಒರಳು ಒಡೆದರೆ ಯಾರು ಹೊಣೆ ಎಂದ. ಸರಿ, ಕೊತ್ತಂಬರಿ ಬೀಜ ಹಾಕಿದೆವು. ಅದಕ್ಕೆ ಘಾಟಿಲ್ಲ, ಸದ್ದೂ ಮೆತ್ತಗೆ. ನಾನು ಹೊರಗೆ ಕಿಟಕಿಯ ಕೆಳಗೆ ಸ್ಟೂಲು ಹಾಕಿಕೊಂಡು ಫೋನ್ ಹಿಡಿದು ಕೂತೆ. ಕೂಗಿ ಹೇಳಲು ದನಿಯಿಲ್ಲವಲ್ಲ, ಪೂಜೆಯ ಚಿಕ್ಕ ಗಂಟೆ ಒಯ್ದಿದ್ದೆ. ಒಂದು ಸಲ ಬಾರಿಸಿದರೆ 'ಇನ್ನೂ ಮೆತ್ತಗೆ', ಎರಡು ಸಲಕ್ಕೆ 'ಮತ್ತೊಮ್ಮೆ'.

ಮನೆಗೆ ಬಂದು ಕೇಳಿದರೆ ಡಂಕದ ಕೆಳಗೆ ಒಬ್ಬ ಗಂಡಸು ಗುನುಗುತ್ತಿದ್ದ. ಒರಟು ದನಿ, ಆದರೆ ತಾಳ ತಪ್ಪಿಲ್ಲ.

"ಯಾರಿವಾ? ಗಲ್ಯಾಗ ಯಾರರ ನಿಂತಿದ್ರೇನ?" ಎಂದೆ.

ಮುಕ್ತಾ ಅದನ್ನೇ ಇನ್ನೊಮ್ಮೆ ಹಾಕಿದಳು. ಆಮೇಲೆ, "ಮಂಗಲ, ನೀನ ಅದ," ಅಂದಳು.

ನನಗೆ ಗೊತ್ತಿಲ್ಲದೆ ನಾನು ಗುನುಗಿದ್ದೆ. ಅಳಿಸು ಎಂದೆ. ಅವಳು "ಇರಲಿ ಬಿಡ, ಭಾಳ ಛಂದ ಐತಿ, ಯಾರೋ ಭಾವುಸಾಹೇಬ ಬಂದು ಕುಂತಂಗ ಐತಿ" ಎಂದು ನಕ್ಕಳು. ಭಾವುಸಾಹೇಬನಂತೆ. ಇಪ್ಪತ್ತೈದು ವರ್ಷ ಬಸದಿಯಲ್ಲಿ ಹಾಡಿದವಳಿಗೆ. ಅಳಿಸಿಸಿ, ಎದ್ದು ಹೋಗು ಎಂದೆ.

ಜುಲೈ 23, ಬುಧವಾರ

ಕರೆಂಟು ಹೋಯಿತು. ಬಾಗಿಲು ತಟ್ಟುತ್ತದೆಂದು ಕಾದೆ, ತಟ್ಟಲಿಲ್ಲ. ಎರಡೂ ಗಲ್ಲಿಗಳನ್ನು ನಾನೇ ದಾಟಿದೆ. ಮುಕ್ತಾ ಹೊಸ್ತಿಲ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು.

"ಅಳಸೀನಿ," ಅಂದಳು, ನಾನು ಕೇಳುವ ಮೊದಲೇ. "ನಿನ್ನ ಮುಂದನ ಅಳಸೀನಿ."

"ಗೊತ್ತೈತಿ. ಏಳ, ಮಳಿ ಬರಾಕತ್ತೈತಿ, ನಮ್ಮ ಪತ್ರಾಸಿನ ಮ್ಯಾಲ ಮಸ್ತ ಸಪ್ಪಳ ಆಗ್ತದ."

ಎದ್ದು ಬಂದಳು. ದಿನವಿಡೀ ನಕ್ಕೆವು. ಯಾತಕ್ಕೆಂದು ಈಗ ನೆನಪಿಲ್ಲ.

ಆಗಸ್ಟ್ 6, ಬುಧವಾರ

ಈ ಎರಡು ವಾರ ಚೆನ್ನಾಗಿ ನಡೆದಿದೆ. ಪ್ರಾಜಕ್ತಾ ನಮ್ಮ ಮಳೆಯ ತುಣುಕನ್ನು ಅಂಗಡಿಯ ಸ್ಪೀಕರಿನಲ್ಲಿ ಹಾಕಿದ್ದಳಂತೆ. ಒಬ್ಬ ಗಿರಾಕಿ ಸ್ಪೀಕರ್ ಕೆಟ್ಟಿದೆ ಎಂದು ವಾಪಸು ಹೋದ, ಇನ್ನೊಬ್ಬ ಇದು ಯಾರದು ಎಂದು ಕೇಳಿ ಬರೆದುಕೊಂಡು ಹೋದ. ಒಟ್ಟಿನಲ್ಲಿ ಸಮ.

ಸಂಜೆ ಬಾಳಕ್ಕ ಬಂದಿದ್ದರು. ಬಸದಿಯ ಮಹಿಳಾ ಮಂಡಳ ಅವರ ಕೈಯಲ್ಲಿದೆ. ಅವರೆದುರು ಗಂಡಸರೂ ದನಿ ತಗ್ಗಿಸುತ್ತಾರೆ. ದಶಲಕ್ಷಣ ಪರ್ವ ಬಂತು, ಈ ಸಲ ಹಾಡಿಗೆ ಸೋನಲಳನ್ನು ನಿಲ್ಲಿಸಬೇಕೆಂದಿದ್ದೇವೆ ಎಂದರು. ಸೋನಲ ಅವರ ಹೊಸ ಸೊಸೆ. "ನಿಂದ ದನಿ ಬರೂತನಕ ಅಷ್ಟ, ಬಂತಂದ್ರ ಮೈಕ ನಿಂದ," ಎಂದು ನನ್ನ ಕೈ ಹಿಡಿದರು. ತಲೆ ಅಲ್ಲಾಡಿಸಿದೆ.

ಸೋನಲಳ ದನಿ ಚೆನ್ನಾಗಿಲ್ಲ ಎಂದು ಇಲ್ಲಿ ಬರೆಯಬಹುದು, ಓದುವವರು ಯಾರೂ ಇಲ್ಲ. ಆದರೆ ಚೆನ್ನಾಗಿದೆ. ಬೆಳಿಗ್ಗೆ ಸಾ ಹಿಡಿಯಲು ಮರೆತಿದ್ದೆ, ಅವರು ಹೋದ ಮೇಲೆ ನೋಡಿದೆ. ಇಲ್ಲ.

ಆಗಸ್ಟ್ 26, ಮಂಗಳವಾರ

ಇವತ್ತು ಸಿಕ್ಕಿತು. ಜೂನ್‌ನಿಂದ ಹುಡುಕುತ್ತಿದ್ದ ಡಂಕದ ಸದ್ದು.

ನಾಲ್ಕು ಒರಳು ದಪ್ಪಗೆ ದಡ್ ದಡ್ ಎನ್ನುತ್ತವೆ, ಐದನೆಯದು ಮಾತ್ರ ಣಂಯ್ ಎಂದು ಎದ್ದು ನಿಲ್ಲುತ್ತದೆ. ಅದಕ್ಕೆ ಕೆಲಸ ಕಡಿಮೆ, ಸವೆದಿಲ್ಲ. ಅದನ್ನು ಉಳಿದವುಗಳ ಜೊತೆ ಕೂಡಿಸಬೇಕಿತ್ತು. ನಾನು ಕಿಟಕಿಯ ಹೊರಗೆ ಗಂಟೆ ಬಾರಿಸುತ್ತ ಹೋದೆ, ಇನ್ನೂ ಮೆತ್ತಗೆ, ಇನ್ನೂ ಮೆತ್ತಗೆ. ಮುಕ್ತಾ ಒಳಗೆ ಏನೇನೋ ಹಾಕುತ್ತ ಹೋದಳು. ಕೊನೆಗೊಮ್ಮೆ ಐದೂ ಕೂಡಿ ಒಂದೇ ಉಸಿರಿನಂತೆ ಕೇಳಿದವು. ನನ್ನ ಮೈ ಜುಮ್ಮೆಂದಿತು. "ಇದಾ, ಇದಾ, ಇಷ್ಟ ಬಿಡ," ಎಂದು ಅವಳನ್ನು ಕೈ ಹಿಡಿದು ಹೊರಗೆಳೆದೆ, ಮನೆಗೆ ಕರೆತಂದೆ. ಕತ್ತಲಾಗುವ ಮೊದಲು ನನ್ನ ಊಟ ಮುಗಿಯಬೇಕು, ಅದೂ ನೆನಪಾಗಲಿಲ್ಲ, ಹಸಿದುಕೊಂಡೇ ಇದ್ದೇನೆ. ಹಸಿವೂ ಗೊತ್ತಾಗುತ್ತಿಲ್ಲ.

ಆಗಸ್ಟ್ 30, ಶನಿವಾರ

ಪರ್ವದ ಮೂರನೆಯ ದಿನ. ಬಸದಿಯ ಅಡಿಗೆಮನೆಯಲ್ಲಿ ಬಾಳಕ್ಕ ಹೊಸ ಖಾರದ ಡಬ್ಬಿ ತೆಗೆದರು, ಮೂಸಿದರು, ಮುಚ್ಚಿದರು. ಮತ್ತೆ ತೆಗೆದು ನನ್ನ ಮೂಗಿಗೆ ಹಿಡಿದರು. ಬಳ್ಳೊಳ್ಳಿ.

ಇಂಥ ದಿನಗಳಲ್ಲಿ, ಉಪವಾಸ ಮಾಡಿದವರು ಪಾರಣೆಗೆ ಕೂಡುವ ಪಂಕ್ತಿಗೆ. ಅಡಿಗೆಗೆ ಬೀಳುವ ಮೊದಲೇ ಗೊತ್ತಾಯಿತು, ಅಷ್ಟು ಪುಣ್ಯ.

"ನಿನ್ನ ಗೆಳತಿ ಕುಟ್ಟಿಕೊಟ್ಟದ್ದು," ಎಂದರು ಬಾಳಕ್ಕ. "ನಮಗ ಬಳ್ಳೊಳ್ಳಿ ತಿನ್ನಸಾಕ ನಿಂತಾಳೇನ?"

ನನಗೆ ಆಗಲೇ ಎಲ್ಲ ತಿಳಿದುಹೋಯಿತು. ಐದನೆಯದನ್ನು ಮೆತ್ತಗೆ ಮಾಡಲು ಅವಳು ಹಾಕಿದ್ದು ಹಸಿ ಕಾಂದಾ-ಲಸೂಣದ, ಎಂದರೆ ಉಳ್ಳಾಗಡ್ಡಿ ಬಳ್ಳೊಳ್ಳಿಯ ಮಸಾಲೆ. ಒರಳಿನಲ್ಲಿ ಮಾಲು ಬದಲಿಸುವಾಗ ಹರಳುಪ್ಪು ಕುಟ್ಟಿ, ಬಿಸಿನೀರು ಹಾಕಿ ತೊಳೆಯುವುದು ಅವಳ ರೂಢಿ. ಅವತ್ತು ಮಸಾಲೆ ಬಳಿದು ತೆಗೆದದ್ದಷ್ಟೇ, ತೊಳೆಯಲು ನಾನು ಬಿಡಲಿಲ್ಲ, ಎಳೆದುಕೊಂಡು ಬಂದೆ. ಆ ಸಂಜೆ ಗಣಪತ ಐದನೇ ಒರಳು ಎಂದಿನಂತೆ ಚೊಕ್ಕ ಇದೆ ಎಂದುಕೊಂಡು ಬಸದಿಯ ಖಾರ ಹಾಕಿದ್ದಾನೆ.

ಹೆಂಗಸರೆಲ್ಲ ನನ್ನ ಮುಖ ನೋಡಿದರು. ನಾನು ಗಂಟಲು ಮುಟ್ಟಿ ತೋರಿಸಿ ಸುಮ್ಮನಾದೆ. ದನಿ ಇಲ್ಲವೆಂಬುದು ಆಗ ಭಾಳ ಅನುಕೂಲವಾಯಿತು.

ಸೆಪ್ಟೆಂಬರ್ 1, ಸೋಮವಾರ

ಜೈನರ ಮನೆಗಳವರು ಒಬ್ಬೊಬ್ಬರಾಗಿ ಮುಕ್ತಾನ ಡಂಕದಿಂದ ಮೆಣಸಿನಕಾಯಿ ವಾಪಸು ಒಯ್ಯುತ್ತಿದ್ದಾರೆ. ಅವಳ ಅತ್ತೆಯ ಕಾಲದ ಗಿರಾಕಿಗಳು. ನಾನು ಹೋದಾಗ ಗಣಪತ ನೀರು ಕೊಟ್ಟು ಒಳಗೆ ಹೋದ.

"ನಾನ ಹಾಕೀನಿ ಅಂತ ಹೇಳೀನಿ," ಅಂದಳು ಮುಕ್ತಾ. "ನಿನ್ನ ಹೆಸರ ತಗದಿಲ್ಲ. ನಮ್ಮ ಮನಿಯವ್ರು ಸಿಟ್ಟಾಗ್ಯಾರ, ಇನ್ನ ಆ ಫೋನ ಡಂಕದ ಹತ್ರ ತರಬ್ಯಾಡ ಅಂದಾರ. ಇರಲಿ ಬಿಡ."

"ಯಾಕ ನನ್ನ ಹೆಸರ ಹೇಳಲಿಲ್ಲ?"

"ನೀ ಬಸದ್ಯಾಗ ದಿನಾ ಕುಂದ್ರಾಕಿ. ಮೊದಲ ನೊಂದಿ. ಯಾಕ ಬೇಕ?"

ಅವಳ ಮೂಗು ಕೆಂಪಾಗಿತ್ತು. ಖಾರದ್ದಲ್ಲ, ಆ ದಿನ ಡಂಕವೇ ನಡೆದಿರಲಿಲ್ಲ.

ಸೆಪ್ಟೆಂಬರ್ 4, ಗುರುವಾರ

ಉಪವಾಸ. ಮೂರು ಸಲ ಕರೆಂಟು ಹೋಯಿತು. ಯಾರೂ ಬರಲಿಲ್ಲ.

ಸೆಪ್ಟೆಂಬರ್ 8, ಸೋಮವಾರ

ಕ್ಷಮಾವಾಣಿ. ಪರ್ವ ಮುಗಿದ ಮೇಲೆ ಎಲ್ಲರೂ ಬಸದಿಯಲ್ಲಿ ಕೂಡಿ, ಗೊತ್ತಿದ್ದೂ ಗೊತ್ತಿಲ್ಲದೆಯೂ ಮಾಡಿದ್ದಕ್ಕೆ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ. ಎಷ್ಟೋ ಸಲ ಕೇಳಿದ್ದೇನೆ, ಹಾಡಿನ ನಡುವೆ ಹಗುರಾಗಿ ಕೈ ಮುಗಿದು. ಯಾರಿಗೆ, ಯಾತಕ್ಕೆ ಎಂದು ಒಮ್ಮೆಯೂ ನಿಂತು ಯೋಚಿಸಿರಲಿಲ್ಲ.

ಸೋನಲ ಹಾಡಿ ಮುಗಿಸಿದಳು. ನಾನು ಎದ್ದು ಹೋಗಿ ಅವಳ ಕೈಯಿಂದ ಮೈಕು ತೆಗೆದುಕೊಂಡೆ. ಬಾಳಕ್ಕನ ಮುಖ ಅರಳಿತು, ಪಾಪ, ದನಿ ಬಂದಿದೆ ಎಂದುಕೊಂಡರು. ಬಾಯಿ ತೆರೆದೆ. ಮೈಕು ಕುಂಯ್ ಎಂದಿತು, ಅದರ ಹಿಂದೆ ಭಾವುಸಾಹೇಬ ಬಂದ. ಹಿಂದಿನ ಸಾಲಿನಲ್ಲಿ ಮಕ್ಕಳು ಕಿಸಕ್ಕನೆ ನಕ್ಕವು, ಯಾರೋ ಗದರಿದರು.

"ನಾ ಮಂಗಲ," ಅಂದೆ. "ದನಿ ಕೇಳಿ ಗುರ್ತ ಸಿಗಲಿಕ್ಕಿಲ್ಲ. ಆ ಒರಳಾಗ ಬಳ್ಳೊಳ್ಳಿ ಬಿದ್ದದ್ದು ಮುಕ್ತಾಬಾಯಿ ಒಬ್ಬಾಕಿ ತಪ್ಪಲ್ಲ. ಹೊರಗ ಕುಂತು ಇನ್ನಷ್ಟ ಮೆತ್ತಗ, ಇನ್ನಷ್ಟ ಮೆತ್ತಗ ಅಂತ ಗಂಟಿ ಬಾರಸಿದಾಕಿ ನಾನು. ಒರಳ ತೊಳಿಯಾಕ ಬಿಡಲಾರದ ಎಳಕೊಂಡ ಬಂದಾಕೀನೂ ನಾನ. ಅವತ್ತ ಡಬ್ಬಿ ತಗದಾಗ ನನಗ ಗೊತ್ತಿತ್ತು, ಹೇಳಲಿಲ್ಲ. ಎಲ್ಲಾರೂ ಕ್ಷಮಾ ಮಾಡ್ರಿ."

ಬಾಳಕ್ಕ ಎದ್ದು ಬಂದರು. ಕೈ ಮುಗಿದು "ಉತ್ತಮ ಕ್ಷಮಾ" ಎಂದರು, ನಾನೂ ಎಂದೆ. ಅಲ್ಲಿಗೆ ಮುಗಿಯುತ್ತದೆ ಅಂದುಕೊಂಡೆ. ಅವರು ಬಿಡುವವರಲ್ಲ.

"ಆ ಒರಳ ಇನ್ನ ನಮಗ ಬ್ಯಾಡ. ಹೊಸಾದ ಕೂಡ್ರಸಲಿ. ಕೂಡ್ರಸಿದ ದಿನ ಪಯಲಾ ಖಾರ ನಂದ." ಹೊರಟವರು ಹಿಂದಿರುಗಿ, "ಅಲ್ಲಾ ಮಂಗಲ, ಖಾರ ಕುಟ್ಟೂ ಹೊತ್ನ್ಯಾಗ ನೀ ಹೊರಗ ಕುಂತು ಗಂಟಿ ಯಾಕ ಬಾರಸ್ತಿದ್ದಿ?"

ಮೈಕು ಇನ್ನೂ ಕೈಯಲ್ಲಿತ್ತು. ಇಡೀ ಬಸದಿಗೆ ನಮ್ಮ ಕೌದಿ, ಕರೆಂಟು, ಪದರ ಪದರದ ಸಪ್ಪಳ ಎಲ್ಲ ವಿವರಿಸಬೇಕಾಯಿತು. ಏಪ್ರಿಲ್‌ನಿಂದ ಅಷ್ಟು ಮಾತಾಡಿರಲಿಲ್ಲ. ಯಾರಿಗೂ ಸರಿಯಾಗಿ ತಿಳಿಯಲಿಲ್ಲ, ಆದರೆ ಸೋನಲ ಕೊನೆಗೆ ಹತ್ತಿರ ಬಂದು, "ಕಾಕೂ, ನಂಗೂ ಕೇಳಸ್ತೀರೇನ್ರಿ?" ಎಂದಳು.

ಅಲ್ಲಿಂದ ನೇರ ಮುಕ್ತಾನ ಮನೆಗೆ ಹೋದೆ. ಸುದ್ದಿ ನನಗಿಂತ ಮುಂಚೆ ಮುಟ್ಟಿತ್ತು.

"ಆ ಗಂಡಸನ್ನ ಖರೇನ ಅಳಸಿದಿ?" ಎಂದು ಕೇಳಿದೆ.

"ಖರೇನ ಅಳಸೀನಿ."

"ಹಂಗಾದ್ರ ಮತ್ತ ಕರಿಯೂಣು. ಇವತ್ತ ಬಸದಿಗೆ ಬಂದಿದ್ದ, ಊರಾಗ ಅದಾನ."

ಮುಕ್ತಾ ನನ್ನ ಹೆಗಲ ಮೇಲೆ ಮುಖ ಇಟ್ಟು ಅತ್ತಳು. ನಾನೂ.

ಸೆಪ್ಟೆಂಬರ್ 14, ಭಾನುವಾರ

ಹೊಸ ಒರಳು ಕೂಡಿತು. ಬಾಳಕ್ಕ ಹೇಳಿದಂತೆ ಮೊದಲ ಖಾರ ತಂದರು, ಕುರ್ಚಿ ಹಾಕಿಸಿಕೊಂಡು ಕುಟ್ಟಿ ಮುಗಿಯುವವರೆಗೂ ಕದಲಲಿಲ್ಲ. ಅವರ ಹಿಂದೆ ನಾಲ್ಕು ಮನೆಯವರು ಬಂದರು. ಗಣಪತ ನನಗೆ ಚಹಾ ಕೊಟ್ಟ, ಸಕ್ಕರೆ ಜಾಸ್ತಿ ಹಾಕಿದ್ದ.

ಹಳೆಯ ಐದನೇ ಒರಳು ಈಗ ನಮ್ಮದು. ಬಳ್ಳೊಳ್ಳಿ ಕಂಡ ಒರಳನ್ನು ನಮ್ಮ ಅತ್ತೆಯವರು ಹೊಸ್ತಿಲು ದಾಟಲು ಬಿಡಲಿಲ್ಲ. ಹೊರಗೆ ಮಾಳಿಗೆಯ ಮೆಟ್ಟಿಲ ಕೆಳಗೆ ಇಟ್ಟಿದ್ದೇವೆ. ಹಗ್ಗದಲ್ಲಿ ತೂಗುಹಾಕಿ ಬಟ್ಟೆ ಸುತ್ತಿದ ಲಟ್ಟಣಿಗೆಯಿಂದ ಬಡಿದರೆ ಅದರ ದನಿ ಬೇರೆಯೇ, ಕೆಳಗಿಂದ ಬರುತ್ತದೆ, ಸಾವಕಾಶ ಆರುತ್ತದೆ. ಮುಕ್ತಾ ಬಡಿದಳು. ನಾನು ಆ ದನಿಯ ಜೊತೆ ಬಾಯಿ ತೆರೆದೆ, ಸಿಕ್ಕಿತು. ನನ್ನ ಹಳೆಯ ಸಾ ಎಲ್ಲಿ, ಇದೆಲ್ಲಿ; ಆ ಕಾಲದಲ್ಲಿ ಇಷ್ಟು ಕೆಳಗೆ ನಾನು ಇಳಿದೇ ಇರಲಿಲ್ಲ. ಭಾವುಸಾಹೇಬನಿಗೆ ಸಲೀಸು. ಒರಳು ಆರಿದ ಮೇಲೂ ಅವನು ಸ್ವಲ್ಪ ಹೊತ್ತು ನಿಂತಿದ್ದ.

ಪದ್ಮಕುಮಾರ ಮೆಟ್ಟಿಲ ಮೇಲೆ ಕೂತು ಕೇಳಿದರು. ಮಿಕ್ಸರಿನ ಮಾತು ಬರಲಿಲ್ಲ.

ಅಕ್ಟೋಬರ್ 5, ಭಾನುವಾರ

ಸೋನಲ ಬಂದು ಮೇಲಿನ ದನಿ ಹಾಡಿದಳು, ನಾನು ಕೆಳಗಿನದು. ಹುಡುಗಿಗೆ ಉಸಿರು ಎಲ್ಲಿ ಕದಿಯಬೇಕು ಎಂಬುದು ಗೊತ್ತಿಲ್ಲ. ಹೇಳಿಕೊಟ್ಟೆ. ಮಗ್ಗಗಳ ಸದ್ದನ್ನು ಈಗ ತಂಬೂರಿಯ ಬದಲು ಇಟ್ಟುಕೊಂಡಿದ್ದೇವೆ, ಕರೆಂಟು ಹೋಗಲೆಂದು ಕಾಯುವ ಗೋಜಿಲ್ಲ; ರೆಕಾರ್ಡಿಂಗಿಗೆ ಗುರುವಾರವೆಂದು ಗೊತ್ತುಮಾಡಿಕೊಂಡಿದ್ದೇವೆ.

ಅಕ್ಟೋಬರ್ 16, ಗುರುವಾರ, ನೇಸರಿ

ನಿನ್ನೆ ಬಂದೆವು. ಮುಕ್ತಾನ ಅಣ್ಣ ಸಂಭಾಜಿಯ ಮನೆ. ಗಡಹಿಂಗ್ಲಜದ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು ನಮ್ಮ ಚೀಲ ಎತ್ತಲು ಹೋಗಿ, 'ಏನ್ರಿ ಇದು, ಕಲ್ಲೇನ' ಎಂದು ಕೇಳಿದ. ಒರಳು ಎಂದೆ. ಲಗೇಜ್ ತಿಕೀಟು ಹರಿದ. ಯಾತಕ್ಕೆ ಎಂದ. ಹಾಡಲಿಕ್ಕೆ ಎಂದೆ. ತಿಕೀಟು ವಾಪಸು ತೆಗೆದುಕೊಳ್ಳಲಿಲ್ಲ, ಆದರೆ ಮುಂದಿನ ಸೀಟು ಕೊಟ್ಟ. ಇಬ್ಬರೂ ಹೈಸ್ಕೂಲಿನ ದಿನಗಳಂತೆ ಕಡಲೆ ತಿಂದೆವು.

ಬೆಳಿಗ್ಗೆ ಹಾಲಿನ ಡೇರಿಗೆ ಹೋದೆವು. ಖಾಲಿ ಕ್ಯಾನುಗಳನ್ನು ಸಾಲಾಗಿ ಇಟ್ಟಿರುತ್ತಾರೆ, ಕೆಲವು ತೊಳೆದದ್ದು, ಕೆಲವಕ್ಕೆ ಇನ್ನೂ ಹಾಲಿನ ಹನಿ. ಒಂದೊಂದರದು ಒಂದೊಂದು ಮೊಳಗು. ನಾನು ದೊಡ್ಡ ಕ್ಯಾನಿನೊಳಗೆ ತಲೆ ಇಟ್ಟು ಹಾಡಿದೆ. ನನ್ನ ದನಿ ಒಳಗೆಲ್ಲ ಸುತ್ತಿ ಕಿವಿಗೆ ವಾಪಸು ಬರುತ್ತಿತ್ತು. ಹಾಲು ಹಾಕಲು ಬಂದವರು ಸುತ್ತ ನಿಂತರು. ಒಬ್ಬ ಅಜ್ಜಿ, "ಏನ ಕಳದೈತಿ ಅದರಾಗ?" ಎಂದು ಕೇಳಿದಳು. ಏನೂ ಇಲ್ಲ ಅಜ್ಜಿ, ಇಲ್ಲೇ ಐತಿ ಎಂದೆ. ಮಧ್ಯಾಹ್ನ ಕಬ್ಬಿನ ಗದ್ದೆಯಲ್ಲಿ ಗಾಳಿ ಹಿಡಿದೆವು. ಸಂಭಾಜಿಯ ಹೆಂಡತಿ ನನಗಾಗಿ ಬಳ್ಳೊಳ್ಳಿ ಇಲ್ಲದ ಜುಣಕ ಬೇರೆ ಮಾಡಿ, ಹೊತ್ತು ಮುಳುಗುವ ಮೊದಲೇ ಬಡಿಸಿದಳು. ಇಷ್ಟು ಹಿತವಾದ ದಿನ ಈ ವರ್ಷ ಇನ್ನೊಂದಿಲ್ಲ.

ಅಕ್ಟೋಬರ್ 18, ಶನಿವಾರ

ನಿನ್ನೆ ಸಂಜೆ ಮನೆಗೆ ಬಂದು ಕಾಲು ತೊಳೆದು, ಎಣ್ಣೆಯ ಡಬ್ಬಿ ತೆಗೆಯಲು ತಲೆಯೆತ್ತಿದರೆ ಎದುರಿಗೆ ಕ್ಯಾಲೆಂಡರು. ಹದಿನಾರರ ಸುತ್ತ ಕೆಂಪು ಗೆರೆ.

"ರೀ, ಗುರುವಾರ ಕೊಲ್ಹಾಪುರಕ್ಕ ಹೋಗೂದಿತ್ತಲ್ರಿ," ಎಂದೆ.

"ಹೌದ," ಎಂದರು ಪದ್ಮಕುಮಾರ.

"ನಿಮಗ ನೆನಪಿತ್ತೇನ್ರಿ?"

"ಇತ್ತ. ನೀ ಚೀಲಾ ತುಂಬಕೋತ ಹಾಡಾಕತ್ತಿದ್ದಿ. ಹೇಳಾಕ ಮನಸ ಬರಲಿಲ್ಲ."

ಎದೆ ಧಸಕ್ ಎನ್ನುತ್ತದೆಂದು ಕಾದೆ. ಎನ್ನಲಿಲ್ಲ. ಒಗ್ಗರಣೆ ಹಾಕಿದೆ.

ಇವತ್ತು ಬೆಳಿಗ್ಗೆ ದವಾಖಾನೆಯಿಂದ ಫೋನ್ ಬಂತು. ನಾನು ಹಲೋ ಎಂದ ಕೂಡಲೇ ಹುಡುಗಿ, "ಮಂಗಲತಾಯಿಂಚೆ ಮಿಸ್ಟರ್ ನಾ?" ಎಂದು ಶುರುಮಾಡಿದಳು. ನನ್ನನ್ನು ನನ್ನ ಯಜಮಾನರೆಂದೇ ತಿಳಿದು, ಪೇಶಂಟನ್ನು ಗುರುವಾರ ಯಾಕೆ ಕರೆತರಲಿಲ್ಲ ಎಂದು ಕೇಳಿದಳು. ಊರಿಗೆ ಹೋಗಿದ್ದಳು ಎಂದೆ. ಕಾಗದದಲ್ಲಿ ತುಂಬಬೇಕಂತೆ, ಪೇಶಂಟಿನ ದನಿ ವಾಪಸು ಬಂತೇ ಎಂದು ಕೇಳಿದಳು.

"ಆಲಾ ಕೀ," ಎಂದೆ, "ತೀಚ ಬೋಲತೇಯ." ಬಂದಿದೆ, ಮಾತಾಡುತ್ತಿರುವವಳು ಅವಳೇ.

ಆ ಕಡೆ ಕಾಗದ ಮಗುಚಿದ ಸದ್ದು. ಆಮೇಲೆ ಹುಡುಗಿ ದೀಪಾವಳಿ ಮುಗಿದ ಮೇಲಿನ ಗುರುವಾರ ಬನ್ನಿ ಎಂದಳು. ಗುರುವಾರ ಆಗುವುದಿಲ್ಲ, ಬೇರೆ ದಿನ ಕೊಡಿ ಎಂದೆ. ಗುರುವಾರ ನಮಗೆ ರೆಕಾರ್ಡಿಂಗ್ ಇದೆ.